ಉಪಚಾರವೋ, ಕರಾರೋ?

ಕಾಫಿ ಸಾಕು ಎನ್ನುವುದನ್ನು ಅವರು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹಿಡಿಯಿಲ್ಲದ ಪುಟ್ಟ ಕಪ್ಪನ್ನು ಮೂರು ಬೆರಳುಗಳಲ್ಲಿ ಎತ್ತಿ ಹಿಡಿದು ಮಣಿಕಟ್ಟನ್ನು ಆಚೀಚೆ ಅಲುಗಿಸುತ್ತಿದ್ದರು. ಆ ಮಣಿಕಟ್ಟು ಎಷ್ಟು ಸಣಕಲು ಎಂದರೆ ಕಟ್ಟಿದ ವಾಚು ಅಲ್ಲಿ ನಿಲ್ಲದೆ ಬಿಳಿ ನಿಲುವಂಗಿಯ ತೋಳಿನೊಳಗೆ ಮೊಣಕೈಯತ್ತ ಜಾರಿಬಿಡುತ್ತಿತ್ತು. ಆಮೇಲೆ ಗಂಟೆ ನೋಡಬೇಕಾದರೆ ಕೈಯನ್ನು ಕೆಳಗೆ ಬಿಟ್ಟು ಕೊಡವಬೇಕು. "ಹೊತ್ತು ಮೇಲೆ ಹೋಗಿ ಕೂತಿದೆ ಮಾರಾಯ, ಕರೀಬೇಕು" ಎಂದು ತಾವೇ ನಗುತ್ತಿದ್ದರು.

ಕುವೈತಿನ ಯುದ್ಧ ಮುಗಿದ ಮೇಲೆ, ತೊಂಬತ್ತರ ದಶಕದ ಆರಂಭದಲ್ಲಿ, ಕಾಪುವಿನಿಂದ ಬಹ್ರೈನಿಗೆ ಹೋದವನು ನಾನು. ಮನಾಮದ ಹಳೇ ಪೇಟೆಯ ಒಂದು ಕಬ್ಬಿಣ ಸಾಮಾನಿನ ಅಂಗಡಿಯಲ್ಲಿ ಗುಮಾಸ್ತಿಕೆ. ಅಂಗಡಿಯ ಪಕ್ಕದ ಓಣಿಯಲ್ಲಿ ಅವರ ತರ್ಜುಮೆಯ ಕೋಣೆ. ಮದುವೆ ಸರ್ಟಿಫಿಕೇಟು, ಮಕ್ಕಳ ಜನನ ಪತ್ರ, ಪವರ್ ಆಫ್ ಅಟಾರ್ನಿ, ಹೀಗೆ ನಮ್ಮಂಥವರ ಬದುಕನ್ನೆಲ್ಲ ಅವರು ಇಂಗ್ಲಿಷಿನಿಂದ ಅರಬ್ಬಿಗೆ ದಾಟಿಸಿ, ಮೊಹರು ಒತ್ತಿ ಕೊಡುತ್ತಿದ್ದರು. ಅವರು ಬಹ್ರೈನಿನವರೇ. ಆದರೆ ಬಾಲ್ಯ ಕಳೆದದ್ದು ಮುಂಬಯಿಯಲ್ಲಿ. ತಂದೆ ಅಲ್ಲಿ ಅರಬ್ಬಿ ಮುತ್ತಿನ ವ್ಯಾಪಾರಿಗಳ ಕಾಗದಪತ್ರ ನೋಡಿಕೊಳ್ಳುತ್ತಿದ್ದರಂತೆ. ಹಾಗಾಗಿ ಅವರ ಹಿಂದೂಸ್ತಾನಿ ನನ್ನದಕ್ಕಿಂತ ಎಷ್ಟೋ ಚೊಕ್ಕ. ಓಣಿಯ ಹಿಂದೂಸ್ತಾನಿಗಳಿಗೆಲ್ಲ ಅವರು ಮುನ್ಶಿ, ನನಗೆ ಮುನ್ಶಿ ಚಾಚಾ. ಇಲ್ಲಿ ಅವರ ಮಾತನ್ನೆಲ್ಲ ನನ್ನ ಊರಿನ ಕನ್ನಡಕ್ಕೆ ಇಳಿಸಿ ಬರೆಯುತ್ತಿದ್ದೇನೆ. ಅವರಿದ್ದಿದ್ದರೆ ಪೆನ್ಸಿಲು ಹಿಡಿದು ಅರ್ಧಕ್ಕರ್ಧ ತಿದ್ದುತ್ತಿದ್ದರು.

ಮೊದಲ ಸಲ ಹೋದದ್ದು ನನ್ನ ಮದುವೆಯ ಕಾಗದ ಹಿಡಿದುಕೊಂಡು. ಕೂರಿಸಿ ಕಾಫಿ ಕೊಟ್ಟರು. ಹಳದಿ ಬಣ್ಣ, ಏಲಕ್ಕಿಯ ಘಮ, ಹಾಲಿಲ್ಲ, ಸಕ್ಕರೆಯಿಲ್ಲ. ಕಷಾಯವೆಂದು ಕಣ್ಣುಮುಚ್ಚಿ ಕುಡಿದೆ. ಕಪ್ಪು ಕೆಳಗಿಡುವ ಮೊದಲೇ ಮತ್ತೆ ತುಂಬಿಸಿದರು. ಕುಡಿದೆ. ಮತ್ತೆ ತುಂಬಿಸಿದರು. ನಮ್ಮಲ್ಲಿ ಬಡಿಸಿದ್ದನ್ನು ಬಿಟ್ಟು ಏಳಬಾರದು. ಅವರಲ್ಲಿ ಅತಿಥಿಯ ಕಪ್ಪು ಖಾಲಿ ಇರಬಾರದು. ಇಬ್ಬರೂ ಮರ್ಯಾದಸ್ಥರೇ ಆದ್ದರಿಂದ ಹೂಜಿ ತಳ ಕಾಣುವವರೆಗೆ ಇದು ನಡೆಯಿತು. ಕೊನೆಗೆ ಅವರು ಹೊಟ್ಟೆ ಹಿಡಿದುಕೊಂಡು ನಕ್ಕು, ನನ್ನ ಕೈ ಹಿಡಿದು, ಕಪ್ಪು ಅಲುಗಿಸುವುದನ್ನು ಕಲಿಸಿದರು. "ಹೀಗೆ ಮಾಡಿದ್ರೆ ಸಾಕು ಅಂತ ಅರ್ಥ. ಇಲ್ಲದಿದ್ರೆ ನೀನು ಇಲ್ಲೇ ಸಾಯ್ತಿ, ನಿನ್ನ ಮದುವೆ ಕಾಗದದ ತರ್ಜುಮೆಗೆ ಹೆಂಡತಿ ಬರಬೇಕಾದೀತು."

ಹೆಂಡತಿ ಬರುವುದೇ ಆಗ ನನಗಿದ್ದ ಒಂದೇ ಆಸೆ. ನಾನು ವಿಮಾನ ಹತ್ತುವಾಗ ಅವಳು ಬಸುರಿ. ಮಗಳು ಹುಟ್ಟಿದ್ದು ನಾನಿಲ್ಲದಾಗ. ಮನೆಯವರ ವೀಸಾ ಸಿಗುವಷ್ಟು ದರ್ಜೆಯ ಕೆಲಸ ನನ್ನದಲ್ಲ. ಆದರೂ ಯಾವತ್ತಾದರೂ ಬೇಕಾದೀತೆಂದು ಮದುವೆಯ ಕಾಗದವನ್ನು ಅರಬ್ಬಿಗೆ ಮಾಡಿಸಿಟ್ಟುಕೊಂಡಿದ್ದೆ. ಶುಕ್ರವಾರ ಶುಕ್ರವಾರ ಟೆಲಿಫೋನ್ ಬೂತಿನಲ್ಲಿ ಸಾಲು ನಿಂತು ಊರಿನ ಪಕ್ಕದ ಮನೆಗೆ ಫೋನ್ ಮಾಡುವುದು. ಮಾತು ಬರುತ್ತಿದ್ದ ಮಗಳ ಕೈಗೆ ಹೆಂಡತಿ ಫೋನ್ ಕೊಟ್ಟಳು ಒಂದು ಸಲ. "ಯಾರು ಹೇಳು ಮಗಾ?" ಎಂದೆ. ಸ್ವಲ್ಪ ಹೊತ್ತು ಉಸಿರು ಕೇಳಿಸಿತು. ಆಮೇಲೆ "ಮಾಮ" ಎಂದಳು. ಆ ದಿನ ನಾನು ರೂಮಿಗೆ ಹೋಗಲಿಲ್ಲ. ಚಾಚಾರ ಕೋಣೆಗೆ ಹೋಗಿ ಕೂತೆ. ಅವರು ಏನೂ ಕೇಳದೆ ಕಾಫಿ ಬಗ್ಗಿಸಿದರು. ನಾನೇ ಹೇಳಿದೆ. ಹೇಳುತ್ತಾ ಅತ್ತುಬಿಟ್ಟೆ.

ಅಂದಿನಿಂದ ಸಂಜೆ ಅಂಗಡಿ ಮುಚ್ಚಿದ ಮೇಲೆ ಅವರ ಕೋಣೆ ನನ್ನ ಮನೆಯಾಯಿತು. ಅಲ್ಲಿ ಗಿರಾಕಿಗಳಿಗೆ ಎರಡು ಒಳ್ಳೆಯ ಕುರ್ಚಿಗಳಿದ್ದವು. ಚಾಚಾ ಮಾತ್ರ ಮೊಣಕಾಲೆತ್ತರವೂ ಇಲ್ಲದ, ಹಗ್ಗ ಹೆಣೆದ ಒಂದು ಹಳೇ ಮಣೆಯಂಥ ಸ್ಟೂಲಿನ ಮೇಲೆಯೇ ಕೂರುತ್ತಿದ್ದರು. ಬೆನ್ನು ನೋವಾಗುವುದಿಲ್ಲವೇ ಎಂದರೆ, "ಇದು ನಮ್ಮ ಮನೆತನದ ಸಿಂಹಾಸನ" ಎನ್ನುತ್ತಿದ್ದರು.

ಅದರ ಕತೆ ಹೀಗೆ. ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲಿಷರ ದೊಡ್ಡ ಅಧಿಕಾರಿ ಕೂರುತ್ತಿದ್ದದ್ದು ಸಮುದ್ರದ ಆಚೆ ದಡದ ಬುಶೈರಿನಲ್ಲಿ. ಅವನ ಮೇಲಿನವರು ಮುಂಬಯಿಯಲ್ಲಿ. ಈ ಕಡೆಯ ಅರಬ್ ದೊರೆಗಳಾದ ಶೇಖರ ಹತ್ತಿರ ಏನಾದರೂ ಮಾತಾಡಬೇಕಾದರೆ ಅವನು ಯುದ್ಧದ ಹಡಗಿನಲ್ಲಿ ಬರುತ್ತಿದ್ದ. ಅವನಿಗೆ ಅರಬ್ಬಿ ಅಷ್ಟಕ್ಕಷ್ಟೇ, ಶೇಖರಿಗೆ ಇಂಗ್ಲಿಷ್ ಇಲ್ಲ. ನಡುವೆ ಒಬ್ಬ ಮುನ್ಶಿ ಬೇಕಲ್ಲ, ಅವನೇ ನಮ್ಮ ಚಾಚಾರ ಅಜ್ಜನ ಅಜ್ಜ. ಇಂಗ್ಲಿಷರು ಕುರ್ಚಿಯಲ್ಲಿ ಕೂರುವವರು, ಅರಬರು ಜಮಖಾನದ ಮೇಲೆ ಕೂರುವವರು. ಮುನ್ಶಿ ಕುರ್ಚಿಯಲ್ಲಿ ಕೂತರೆ ಶೇಖರಿಗೆ ಸಿಟ್ಟು, ನೆಲದ ಮೇಲೆ ಕೂತರೆ ಸಾಹೇಬನಿಗೆ ಅನುಮಾನ. ಅದಕ್ಕೆ ಆ ಹಿರಿಯ ಈ ಸ್ಟೂಲು ಮಾಡಿಸಿಕೊಂಡನಂತೆ, ಕುರ್ಚಿಗಿಂತ ಕೆಳಗೆ, ಜಮಖಾನಕ್ಕಿಂತ ಮೇಲೆ.

"ಬೈಗಳು ಹೊಟ್ಟೆಗೆ, ಮಾತು ಬಾಯಿಗೆ" ಎನ್ನುವುದು ಆ ಮನೆಯ ಗಾದೆ. ಸಾಹೇಬ ಮೇಜು ಗುದ್ದಿ 'ಹೀಗೆ ಮಾಡದಿದ್ದರೆ ನಿನ್ನ ದೋಣಿಗಳನ್ನೆಲ್ಲ ಸುಟ್ಟುಬಿಡುತ್ತೇನೆ' ಎಂದರೆ ಆ ಹಿರಿಯ ಶೇಖರಿಗೆ ಹೇಳುತ್ತಿದ್ದದ್ದು: 'ನಿಮ್ಮ ದೋಣಿಗಳಿಗೆ ಏನಾದರೂ ಆದೀತೆಂದು ಸಾಹೇಬರ ಎದೆ ನಡುಗುತ್ತಿದೆ.' ಶೇಖರು ಅತ್ತ ತಿರುಗಿ 'ಈ ಕೆಂಪು ಕೋತಿ ಯಾವಾಗ ತೊಲಗುತ್ತದೆ' ಎಂದರೆ, ಸಾಹೇಬನಿಗೆ: 'ನೀವು ಎಷ್ಟು ದಿನ ಉಳಿಯುವಿರೆಂದು ವಿಚಾರಿಸುತ್ತಿದ್ದಾರೆ.' ಚಾಚಾ ಇದನ್ನು ಹೇಳುವಾಗ ಮೂರು ಜನರ ದನಿಯನ್ನೂ ತಾವೇ ಮಾಡುತ್ತಿದ್ದರು. ಮುನ್ಶಿಯ ದನಿ ಬಂದಾಗ ಮಾತ್ರ ತಗ್ಗಿಬಿಡುತ್ತಿತ್ತು.

"ಇದೆಲ್ಲ ಇತಿಹಾಸದ ಪುಸ್ತಕದಲ್ಲಿ ಉಂಟಾ ಚಾಚಾ?"

"ಪುಸ್ತಕದಲ್ಲಿ ಸಹಿ ಹಾಕಿದವರ ಹೆಸರು ಇರ್ತದೆ. ಬೈಗಳು ನುಂಗಿದವನದ್ದು ಎಂತಕ್ಕೆ ಇರ್ತದೆ?"

ಅವರ ಕೆಲಸದ ರೀತಿಯೂ ಅಲ್ಲಿಂದಲೇ ಬಂದದ್ದು. ಯಾವ ಕಾಗದ ಬಂದರೂ ಮೊದಲು ಪೆನ್ಸಿಲು ಹಿಡಿದು ಒಂದೊಂದು ವಾಕ್ಯದ ಎದುರಿಗೂ ತಮ್ಮನ್ನೇ ಕೇಳಿಕೊಳ್ಳುತ್ತಿದ್ದರು: "ತಕಲ್ಲುಫ್ ಯಾ ಕರಾರ್?" ಉಪಚಾರವೋ, ಕರಾರೋ? ಅರಬ್ಬಿ ಪತ್ರದಲ್ಲಿ 'ನನ್ನ ಕಣ್ಣು ನಿಮ್ಮದು, ನನ್ನ ಮನೆ ನಿಮ್ಮದು' ಎಂದಿದ್ದರೆ ಅದು ಉಪಚಾರ. ಇಂಗ್ಲಿಷಿನವನು ಅದನ್ನು ಕರಾರೆಂದು ಓದಿದರೆ ಮನೆ ಹೋಯಿತು. "ಈ ಸಮುದ್ರದ ಅರ್ಧ ಕತೆ ಇಷ್ಟೇ ಬೇಟಾ. ಇವರು ಮರ್ಯಾದೆಗೆ ಹೇಳಿದ್ದನ್ನು ಅವರು ಬರೆದಿಟ್ಟುಕೊಂಡ್ರು. ಅವರು ಬರೆದದ್ದನ್ನು ಇವರು ಮರ್ಯಾದೆಗೆ ಅಂತ ತಿಳಿದ್ರು."

ಕರಾರು ಎಂಬುದು ನಮ್ಮ ಕನ್ನಡದಲ್ಲೂ ಇದೆ ಎಂದಾಗ ಅವರಿಗೆ ಆದ ಖುಷಿ ಹೇಳತೀರದು. ಅರ್ಜಿ, ಖಾಲಿ, ಹಾಜರಿ ಎಂದು ಒಂದೊಂದಾಗಿ ಹೇಳುತ್ತಾ ಹೋದೆ. ದೂರದ ಊರಿಗೆ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಕ್ಷೇಮ ಕೇಳುವವರ ಹಾಗೆ ಒಂದೊಂದು ಶಬ್ದವನ್ನೂ ವಿಚಾರಿಸಿಕೊಂಡರು. 'ತಕರಾರು' ಎಂದರೆ ನಮ್ಮಲ್ಲಿ ಜಗಳ ಎಂದಾಗ ಮಾತ್ರ ತಡೆಯಲಾರದೆ ನಕ್ಕರು. ಅರಬ್ಬಿಯಲ್ಲಿ ಅದಕ್ಕೆ 'ಹೇಳಿದ್ದನ್ನೇ ಹೇಳುವುದು' ಎಂದಷ್ಟೇ ಅರ್ಥವಂತೆ. "ಸರಿಯೇ ಉಂಟಲ್ಲ! ನನ್ನ ಹೆಂಡತಿ ಇದ್ದಾಗ ನಮ್ಮ ಮನೆಯಲ್ಲೂ ಅದರಿಂದಲೇ ಇದು ಆಗ್ತಿದ್ದದ್ದು."

ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು. ಒಬ್ಬನೇ ಮಗ, ಹಮದ್ ಟೌನ್ ಎಂಬ ಹೊಸ ಊರಿನಲ್ಲಿ ಮನೆ ಸಿಕ್ಕಿ, ಅಲ್ಲಿಗೆ ಹೋಗಿದ್ದ. ಬಾ ಬಾ ಎಂದು ಕರೆಯುತ್ತಿದ್ದ. ಇವರು ಹೋಗುತ್ತಿರಲಿಲ್ಲ. "ಅಲ್ಲಿ ಎಲ್ಲಿ ನೋಡಿದ್ರೂ ರೌಂಡಬೌಟು. ಎಲ್ಲ ದಾರಿಯೂ ಸುತ್ತಿ ಅಲ್ಲಿಗೇ ಬರ್ತದೆ, ಮನುಷ್ಯರು ಮಾತ್ರ ಬರುದಿಲ್ಲ." ಹೀಗೆ ತಮಾಷೆ ಮಾಡಿ, ಆಮೇಲೆ ಮುಂಬಯಿಯ ಟ್ರಾಮಿನ ಗಂಟೆಯ ಬಗ್ಗೆ, ಮಳೆಯಲ್ಲಿ ತೊಯ್ದ ಶಾಲೆಯ ಚೀಲದ ಬಗ್ಗೆ ಹೇಳಲು ಶುರುಮಾಡುತ್ತಿದ್ದರು. ಅವರ ತವಕ ಆ ಕಡೆಯ ದಡಕ್ಕೆ. ನನ್ನದೂ ಆ ಕಡೆಯ ದಡಕ್ಕೇ. ಕೋಣೆಯ ಎ.ಸಿ. ಗುರುಗುಟ್ಟುತ್ತಿರುವಾಗ ನಾವಿಬ್ಬರೂ ಅಲ್ಲಿಗೆ ಹೋಗಿ ಬರುತ್ತಿದ್ದೆವು.

ಪ್ರತಿ ಸಂಜೆ ಏಳುವಾಗ ನಾನು ಅಭ್ಯಾಸಬಲದಿಂದ ಕನ್ನಡದಲ್ಲೇ "ಬರ್ತೇನೆ" ಎನ್ನುತ್ತಿದ್ದೆ. ಅದೇನು ಎಂದು ಕೇಳಿದರು. ಹೊರಡುವಾಗ ನಾವು 'ಹೋಗುತ್ತೇನೆ' ಎನ್ನುವುದಿಲ್ಲ, ಅದು ಅಪಶಕುನ, 'ಬರುತ್ತೇನೆ' ಎನ್ನುತ್ತೇವೆ ಎಂದೆ. ಅವರು ಪೆನ್ಸಿಲನ್ನು ಕಿವಿಯ ಮೇಲಿಂದ ತೆಗೆದರು. ಅದೇ ಪ್ರಶ್ನೆ ಬಂತು. "ತಕಲ್ಲುಫ್ ಯಾ ಕರಾರ್?"

ನಾನು ಯೋಚಿಸಿದೆ. "ಅದು... ಹೇಳುದು ಅಷ್ಟೇ ಚಾಚಾ. ಬಸ್ಸಿನ ಕಂಡಕ್ಟರನಿಗೂ ಹೇಳ್ತೇವೆ."

"ಯಾವಾಗಲೂ ಹೇಳ್ತೀರಾ? ಹೇಳದೆ ಇರುದು ಉಂಟಾ?"

"ಒಂದೇ ಕಡೆ. ಸಾವಾದ ಮನೆಯಿಂದ ಹೊರಡುವಾಗ ಹೇಳ್ಬಾರದು. ಸುಮ್ಮನೆ ಎದ್ದು ಬರ್ಬೇಕು."

"ಹಾಗಾದ್ರೆ ಅದು ಬರೀ ಉಪಚಾರ ಅಲ್ಲ" ಎಂದರು ಚಾಚಾ. "ಹೇಳ್ಬಾರದ ಜಾಗ ಒಂದು ಇದ್ರೆ ಆ ಮಾತಿಗೆ ಶಕ್ತಿ ಉಂಟು ಅಂತ ಅರ್ಥ." ಮಾರನೆಯ ದಿನದಿಂದ ಅವರೇ ಅಂಗಡಿಗೆ ಬಂದು ಹೊರಡುವಾಗ "ಬರ್ತೇನೆ" ಎನ್ನತೊಡಗಿದರು. 'ತೇ' ಸ್ವಲ್ಪ ಉದ್ದವಾಗುತ್ತಿತ್ತು. ಅಂಗಡಿಯಲ್ಲಿ ಕೂತ ನಮ್ಮ ಕಡೆಯವರಿಗೆ ನಗುವೋ ನಗು.

ಇಷ್ಟರಲ್ಲಿ ನನಗೊಂದು ಅವಕಾಶ ಬಂತು. ಒಂದು ಹೋಟೆಲಿನ ಆಫೀಸಿನಲ್ಲಿ ಕೆಲಸ. ಮನೆಯವರನ್ನು ಕರೆಸಿಕೊಳ್ಳುವ ದರ್ಜೆ, ಗುಫೂಲಿನಲ್ಲಿ ಫ್ಲ್ಯಾಟು. ಆದರೆ ನನ್ನ ಹಳೆಯ ಧಣಿ ರಿಲೀಸ್ ಕೊಡಬೇಕು. ಅವನ ಒಪ್ಪಿಗೆಯ ಕಾಗದವಿಲ್ಲದೆ ಅಲ್ಲಿ ಕೆಲಸ ಬದಲಾಯಿಸುವ ಹಾಗಿಲ್ಲ. ಧಣಿ ಕೆಟ್ಟವನಲ್ಲ, ಮುಂಗೋಪಿ. ಆ ವರ್ಷ ಆಗಲೇ ಅಂಗಡಿಯ ಬೇರೆ ಕೆಲಸಗಾರರು ಬಿಟ್ಟು ಹೋಗಿದ್ದರು. ನಾನು ಬಾಯಿ ತೆರೆದ ಕೂಡಲೇ, "ರಿಲೀಸ್ ಇಲ್ಲ. ಬೇಕಾದರೆ ವೀಸಾ ಕ್ಯಾನ್ಸಲ್ ಮಾಡ್ತೇನೆ, ಊರಿಗೆ ಹೋಗು" ಎಂದ. ಊರಿಗೆ ಹೋದರೆ ಈ ಕೆಲಸವೂ ಇಲ್ಲ, ಆ ಕೆಲಸವೂ ಇಲ್ಲ. ಇಲ್ಲೇ ಉಳಿದರೆ ಮಗಳಿಗೆ ನಾನು ಮಾಮನೇ.

"ರಿಫಾಕ್ಕೆ ಅವನ ಮನೆಗೆ ಹೋಗುವ" ಎಂದರು ಚಾಚಾ. "ಅವನ ಅಪ್ಪನನ್ನು ನನಗೆ ಗೊತ್ತಿತ್ತು. ನೀನು ಮಾತಾಡ್ಬೇಡ. ನಾನು ಎಂತ ಮಾಡ್ತೇನೋ ಅದನ್ನು ನೋಡಿ ಹಾಗೇ ಮಾಡು."

ಅತಿಥಿಗಳನ್ನು ಕೂರಿಸುವ ಮಜ್ಲಿಸಿನ ಗೋಡೆಯುದ್ದಕ್ಕೂ ಮೆತ್ತೆಗಳು. ಧಣಿ ಎದ್ದು ಬಂದು ಚಾಚಾರ ಹಣೆಗೆ ಮುತ್ತಿಟ್ಟು ಕೂರಿಸಿದ. ಕಾಫಿ ಬಂತು. ಹಿರಿಯರೆಂದು ಮೊದಲು ಚಾಚಾರಿಗೆ ಕೊಟ್ಟರು. ಅವರು ಕಪ್ಪು ತೆಗೆದುಕೊಂಡು, ಕುಡಿಯದೆ, ಎದುರಿಗಿದ್ದ ಜಮಖಾನದ ಮೇಲೆ ಇಟ್ಟರು. ನನ್ನ ಗಮನ ಅಲ್ಲಿರಲಿಲ್ಲ. ಹೇಳಲು ನಾಚಿಕೆ, ಅರಬರ ರೀತಿನೀತಿ ನನಗೂ ಗೊತ್ತೆಂದು ಧಣಿಗೆ ತೋರಿಸುವ ಹುಮ್ಮಸ್ಸು. ಕಪ್ಪು ಕೈಗೆ ಬಂದದ್ದೇ ಗಟಗಟ ಕುಡಿದೆ. ಮಣಿಕಟ್ಟನ್ನು ಚಾಚಾ ಕಲಿಸಿದಂತೆಯೇ ಚೆಂದವಾಗಿ ಅಲುಗಿಸಿ ಕಪ್ಪು ವಾಪಸು ಕೊಟ್ಟೆ. ತಲೆಯೆತ್ತಿ ನೋಡಿದರೆ ಚಾಚಾ ಕಣ್ಣು ಮುಚ್ಚಿಕೊಂಡಿದ್ದರು.

ಅಲ್ಲಿಯ ಪದ್ಧತಿ ನನಗೆ ಗೊತ್ತಾದದ್ದು ಆಮೇಲೆ. ಏನನ್ನಾದರೂ ಬೇಡಲು ಬಂದವನು ಕಾಫಿಯನ್ನು ಮುಟ್ಟದೆ ಎದುರಿಗಿಟ್ಟು ಕೂರುತ್ತಾನೆ. ಮನೆಯವನು 'ಕುಡಿ, ನಿನ್ನ ಮಾತು ನಡೆಯಿತು' ಎಂದ ಮೇಲೆಯೇ ಕುಡಿಯುವುದು. ಅತಿಥಿ ಕಾಫಿ ಕುಡಿಯದೆ ಎದ್ದು ಹೋದರೆ ಆ ಮನೆಯ ಮಾನ ಹೋಯಿತು. ಕುಡಿದುಬಿಟ್ಟರೆ? ಬೇಡಲು ಏನೂ ಇಲ್ಲವೆಂದು ಅರ್ಥ. ಇಲ್ಲಿ ಬೇಡಬೇಕಾದ ಆಸಾಮಿಯೇ ಕುಡಿದು, ಸಾಕು ಎಂದು ಬೇರೆ ಅಲುಗಿಸಿಬಿಟ್ಟಿದ್ದ.

ಧಣಿ ಜೋರಾಗಿ ನಕ್ಕ. ಅವನ ಅರಬ್ಬಿ ನನಗೆ ಅರ್ಥವಾಗುವಷ್ಟು ಸರಳವಾಗಿತ್ತು. "ಬೇಕಾದವನು ಕುಡಿದಾಯಿತಲ್ಲ ಹಿರಿಯರೇ. ಇನ್ನೇನು ಮಾತು?"

ಚಾಚಾ ಕಣ್ಣು ತೆರೆದರು. ದನಿ ತಗ್ಗಿತ್ತು. ಅವರು ಹೇಳಿದ್ದನ್ನು ಆಮೇಲೆ ಮತ್ತೆ ಕೇಳಿ ಬಾಯಿಪಾಠ ಮಾಡಿಕೊಂಡಿದ್ದೇನೆ. "ಅವನು ನಿನ್ನ ಮನೆಯ ಉಪ್ಪು ತಿಂದವನು. ನಿನ್ನ ಎದುರು ಕಪ್ಪು ಕೆಳಗಿಟ್ಟು ಕೂರುವಷ್ಟು ಹೊರಗಿನವನಲ್ಲ, ಅದಕ್ಕೆ ಕುಡಿದ. ಹೊರಗಿನವನು ನಾನು. ಬೇಡುವವನೂ ನಾನು."

ಧಣಿಯ ನಗು ನಿಂತಿತು. ಅವನು ಜಮಖಾನದ ಮೇಲಿದ್ದ ಕಪ್ಪನ್ನೇ ನೋಡಿದ. "ನಿಮ್ಮ ಮನೆತನದವರು ಕಪ್ಪು ಕೆಳಗಿಡುವುದಿಲ್ಲ ಎಂದು ನನ್ನ ಅಪ್ಪ ಹೇಳುತ್ತಿದ್ದರು."

"ನಿಜ" ಎಂದರು ಚಾಚಾ. "ಇಟ್ಟಿರಲಿಲ್ಲ."

"ಕಾಫಿ ತಣಿಯುತ್ತದೆ."

"ತಣಿಯಲಿ."

ಹೊರಗೆ ಯಾರೋ ಕಾರು ಸ್ಟಾರ್ಟ್ ಮಾಡಿ ಹೋದ ಸದ್ದು ಕೇಳಿಸಿತು. ಧಣಿ ತಲೆವಸ್ತ್ರವನ್ನು ಸರಿಮಾಡಿಕೊಂಡ, ಮತ್ತೆ ಸರಿಮಾಡಿಕೊಂಡ. ಕೊನೆಗೆ, "ಕುಡಿಯಿರಿ. ನಿಮ್ಮ ಮಾತು ನಡೆಯಿತು" ಎಂದ. ಆಗ ಚಾಚಾ ಬೇಡಿಕೆಯನ್ನು ಹೇಳಿದರು. "ಇವನ ಮಗಳಿಗೆ ಇವನು ಅಪ್ಪ ಎಂದು ಗೊತ್ತಿಲ್ಲ. ಗೊತ್ತಾಗಲಿ." ರಿಲೀಸ್ ಎಂಬ ಶಬ್ದವನ್ನೇ ಎತ್ತಲಿಲ್ಲ. ತಣ್ಣಗಾದ ಕಾಫಿಯನ್ನು ಕುಡಿದು ಕಪ್ಪು ಅಲುಗಿಸಿದರು. ವಾಚು ತೋಳಿನೊಳಗೆ ಜಾರಿತು.

ವಾಪಸು ಬರುವಾಗ ಟ್ಯಾಕ್ಸಿಯಲ್ಲಿ ನಾನು ಖುಷಿಯಲ್ಲಿ ಬಡಬಡಿಸುತ್ತಿದ್ದೆ. ನಿಮ್ಮ ಮನೆಯವರು ಯಾಕೆ ಕಪ್ಪು ಕೆಳಗಿಡುವುದಿಲ್ಲ ಎಂದು ಕೇಳಿದಾಗ ಚಾಚಾ ಆ ಕತೆ ಹೇಳಿದರು.

ಆ ಅಜ್ಜನ ಅಜ್ಜ ಸಾಹೇಬನ ಜೊತೆ ಹಡಗಿನಲ್ಲಿ ಬರುವಾಗ ಹೊತ್ತು ಹೋಗಲೆಂದು ತನ್ನ ಜನರ ರೀತಿನೀತಿಗಳನ್ನು ಹೆಮ್ಮೆಯಿಂದ ವರ್ಣಿಸುತ್ತಿದ್ದನಂತೆ. ಈ ಕಾಫಿಯ ಪದ್ಧತಿಯನ್ನೂ ಹೇಳಿದ. ಸಾಹೇಬ ಚೆನ್ನಾಗಿ ಕೇಳಿಸಿಕೊಂಡ. ದಡ ಸೇರಿ, ಶೇಖರ ಮಜ್ಲಿಸಿನಲ್ಲಿ ಕೂತು, ಕಾಫಿ ಬಂದಾಗ, ಯಾವತ್ತೂ ಕುಡಿಯುತ್ತಿದ್ದ ಸಾಹೇಬ ಕಪ್ಪನ್ನು ಕೆಳಗಿಟ್ಟ. ಶೇಖರಿಗೆ ಆಶ್ಚರ್ಯ, ಸಂತೋಷ ಕೂಡ. ನಮ್ಮ ರೀತಿ ಕಲಿತಿದ್ದಾನೆ ಎಂದುಕೊಂಡು, ಕೇಳುವ ಮೊದಲೇ 'ಕುಡಿಯಿರಿ, ನಿಮ್ಮ ಮಾತು ನಡೆಯಿತು' ಎಂದುಬಿಟ್ಟರು. ಸಾಹೇಬ ಕುಡಿದ. ಆಮೇಲೆ ಕಿಸೆಯಿಂದ ಕಾಗದ ತೆಗೆದ. ಸಮುದ್ರದಲ್ಲಿ ಜಗಳವಾದರೆ ನೀವು ನೀವೇ ತೀರಿಸಿಕೊಳ್ಳಬಾರದು, ನಮ್ಮ ಹತ್ತಿರ ತರಬೇಕು. ನಮ್ಮನ್ನು ಕೇಳದೆ ಬೇರೆ ದೊರೆಗಳ ಜೊತೆ ವ್ಯವಹಾರ ಕೂಡದು. ಕಿಟಕಿಯಲ್ಲಿ ಲಂಗರು ಹಾಕಿದ ಹಡಗು ಕಾಣುತ್ತಿತ್ತು.

"ಶೇಖರು ಸಾಹೇಬನನ್ನು ನೋಡಲಿಲ್ಲ" ಎಂದರು ಚಾಚಾ. "ಸ್ಟೂಲಿನ ಮೇಲೆ ಕೂತವನನ್ನು ನೋಡಿದ್ರು. ಆ ನೋಟ ನಮ್ಮ ಮನೆಗೆ ಬಂದ ಆಸ್ತಿ. ಹಿಂದೆ ಹಡಗು ನಿಲ್ಲಿಸಿಕೊಂಡು ಕಪ್ಪು ಕೆಳಗಿಟ್ರೆ ಅದು ಬೇಡುದು ಅಲ್ಲ ಬೇಟಾ. ಅಜ್ಜ ಮನೆಗೆ ಬಂದು ಹೇಳಿದನಂತೆ, ಇನ್ನು ನಮ್ಮಲ್ಲಿ ಯಾರೂ ಯಾರ ಮನೆಯಲ್ಲೂ ಕಪ್ಪು ಕೆಳಗಿಡ್ಬಾರದು. ಎಷ್ಟು ಕಷ್ಟ ಬಂದ್ರೂ."

ಯಾವ ದಡದ ಯಾವ ಶೇಖರು ಎಂದು ಅವರು ಕೊನೆಗೂ ಹೇಳಲಿಲ್ಲ. ನಾನು ಕೇಳಿದ್ದು ಬೇರೆ. "ಮತ್ತೆ ಇವತ್ತು ಯಾಕೆ ಇಟ್ರಿ?"

ಅವರು ಕೈ ಕೊಡವಿ ವಾಚು ಇಳಿಸಿಕೊಂಡು ಗಂಟೆ ನೋಡಿದರು. "ನನ್ನ ಹಿಂದೆ ಹಡಗು ಇರಲಿಲ್ಲ" ಎಂದರು. ತಲೆಮಾರುಗಳಿಂದ ಯಾರೂ ಮುರಿಯದ ಮಾತನ್ನು ಅವರು ನನಗಾಗಿ, ಕಾಪುವಿನ ಒಬ್ಬ ಗುಮಾಸ್ತನಿಗಾಗಿ, ಮುರಿದಿದ್ದರು.

ಹೆಂಡತಿ, ಮಗಳು ಬಂದರು. ಏರ್‌ಪೋರ್ಟಿನಲ್ಲಿ ಮಗಳು ನನ್ನನ್ನು ಕಂಡು ಅಮ್ಮನ ಸೀರೆಯ ಹಿಂದೆ ಅವಿತಳು. ಅಪ್ಪ ಎನ್ನಲು ಕೆಲವು ವಾರಗಳೇ ಬೇಕಾದವು. ಅದನ್ನು ಮೊದಲು ಹೇಳಿದ್ದು ಕೂಡ ಚಾಚಾರ ಎದುರಿಗೇ, "ಅಪ್ಪಾ, ಚಾಚಾ ಬಂದ್ರು" ಎಂದು ಬಾಗಿಲು ತೆರೆದಾಗ. ಅವರು ಒಳಗೆ ಬಾರದೆ ಹೊಸ್ತಿಲಲ್ಲೇ ನಿಂತು, ನನ್ನ ಮುಖ ನೋಡಿ, "ಈಗ ತರ್ಜುಮೆ ಸರಿಯಾಯ್ತು" ಎಂದರು. ಗುಫೂಲಿನ ನಮ್ಮ ಫ್ಲ್ಯಾಟಿಗೆ ಶುಕ್ರವಾರ ಸಂಜೆ ತಪ್ಪದೆ ಬರುತ್ತಿದ್ದರು. ನನ್ನ ಹೆಂಡತಿ ಸ್ಟೀಲಿನ ಲೋಟದಲ್ಲಿ ಕೊಡುವ ಹಾಲು ಹಾಕಿದ ನಮ್ಮೂರಿನ ಕಾಫಿಯನ್ನು ಕೊನೆಯ ಹನಿಯವರೆಗೆ ಕುಡಿದು, ಆ ದೊಡ್ಡ ಲೋಟವನ್ನೇ ಗಂಭೀರವಾಗಿ ಅಲುಗಿಸುತ್ತಿದ್ದರು. ಮಗಳು ಹಾಲಿನ ಲೋಟ ಅಲುಗಿಸಲು ಕಲಿತಳು, ನನ್ನ ಹೆಂಡತಿಗೆ ಅವರ ಮೇಲೆ ಇದ್ದ ತಕರಾರು ಅದೊಂದೇ.

ಆ ಸುಖ ಬಹುಕಾಲ ಇರಲಿಲ್ಲ. ನನ್ನವಳು ಊರಿನ ಸರಕಾರಿ ಶಾಲೆಯಲ್ಲಿ ಟೀಚರು, ಸಂಬಳವಿಲ್ಲದ ರಜೆ ಹಾಕಿ ಬಂದವಳು. ರಜೆ ಮುಗಿಯುತ್ತಾ ಬಂತು. ಸರಕಾರಿ ಕೆಲಸ ಬಿಡುವ ಧೈರ್ಯ ಅವಳಿಗಿರಲಿಲ್ಲ, ಮತ್ತೆ ಟೆಲಿಫೋನ್ ಬೂತಿನ ಮಾಮನಾಗುವ ಧೈರ್ಯ ನನಗಿರಲಿಲ್ಲ. ಮೂವರೂ ಹೊರಡುವುದೆಂದು ನಿಶ್ಚಯವಾಯಿತು. ಚಾಚಾರಿಗೆ ಹೇಳಿದೆ. "ಸರಿ" ಎಂದರು. ಸ್ಟೂಲಿನ ಹಗ್ಗದ ಒಂದು ಎಳೆ ಬಿಟ್ಟಿತ್ತು, ಅದನ್ನು ಸಿಕ್ಕಿಸುತ್ತಾ ಕೂತರು.

ಹೊರಡುವ ಹಿಂದಿನ ಸಂಜೆ ಅವರು ಮನೆಗೆ ಬಂದರು. ಪೆಟ್ಟಿಗೆಗಳಿಗೆಲ್ಲ ಹಗ್ಗ ಕಟ್ಟಿಯಾಗಿತ್ತು. ಕೂರಲು ಕುರ್ಚಿ ಇಲ್ಲದೆ ಎಲ್ಲರೂ ನೆಲದ ಮೇಲೆ ಕೂತೆವು. ಹೆಂಡತಿ ಲೋಟದಲ್ಲಿ ಕಾಫಿ ಕೊಟ್ಟಳು. ಚಾಚಾ ತೆಗೆದುಕೊಂಡು, ಎದುರಿಗೆ ನೆಲದ ಮೇಲೆ ಇಟ್ಟರು.

"ಸಕ್ಕರೆ ಕಡಿಮೆ ಆಯ್ತಾ ಏನೋ, ಕೇಳಿ ಮಾರ್ರೆ" ಎಂದಳು ಹೆಂಡತಿ. "ಚಾಚಾ ಯಾಕೆ ಕುಡಿಯುದಿಲ್ಲ?" ಎಂದಳು ಮಗಳು.

ನನಗೆ ಗೊತ್ತಿತ್ತು. ಏನು ಕೇಳುತ್ತಾರೆ? ಹೋಗಬೇಡ ಎಂದರೆ? ಕೇಳುವ ಮೊದಲೇ ಒಪ್ಪಬೇಕು, ಅದೇ ಪದ್ಧತಿ. ಟಿಕೆಟು ಕಿಸೆಯಲ್ಲಿತ್ತು. ಆದರೂ ಆ ಮನುಷ್ಯನ ಕಾಫಿ ನನ್ನ ಮನೆಯಲ್ಲಿ ತಣಿಯುವುದನ್ನು ನೋಡುತ್ತಾ ಕೂರುವುದು ನನ್ನಿಂದಾಗಲಿಲ್ಲ.

"ಕುಡಿಯಿರಿ ಚಾಚಾ" ಎಂದೆ. "ನಿಮ್ಮ ಮಾತು ನಡೆಯಿತು."

ಅವರು ತಲೆಯೆತ್ತಿದರು. "ನಾಳೆ ಏರ್‌ಪೋರ್ಟಿಗೆ ನಾನು ಬರುದಿಲ್ಲ. ಆ ಮಾತನ್ನು ಈಗಲೇ ಹೇಳು."

"ಬರ್ತೇನೆ" ಎಂದೆ.

"ತಕಲ್ಲುಫ್ ಯಾ ಕರಾರ್?"

"ಕರಾರ್" ಎಂದೆ. ಉಪಚಾರಕ್ಕೆ ಹೇಳಲಿಲ್ಲ. ದೇವರಾಣೆ, ಆ ಗಳಿಗೆಯಲ್ಲಿ ಮನಸಾರೆ ಹೇಳಿದೆ. ಅವರು ಲೋಟ ಎತ್ತಿ ಕೊನೆಯ ಹನಿಯವರೆಗೆ ಕುಡಿದರು. ಅಲುಗಿಸಿದರು. ಮಗಳು ನಕ್ಕಳು.

ಊರಿಗೆ ಬಂದು ಒಂದು ಸೊಸೈಟಿಯಲ್ಲಿ ಕೆಲಸಕ್ಕೆ ಸೇರಿದೆ. ಹಬ್ಬಗಳಿಗೆ ಅವರಿಗೆ ಫೋನ್ ಮಾಡುತ್ತಿದ್ದೆ. ಒಂದು ಸಲ ಕೋಣೆಯ ಫೋನು ಎತ್ತಲಿಲ್ಲ. ಕಣ್ಣು ಮಂಜಾಗಿ ಕೆಲಸ ಬಿಟ್ಟು ಹಮದ್ ಟೌನಿನ ಮಗನ ಮನೆಗೆ ಹೋದರೆಂದು ಹಳೇ ರೂಮಿನ ಗೆಳೆಯ ತಿಳಿಸಿದ. ವಿಸಿಟ್ ವೀಸಾ ಮಾಡಿಸು, ಬರುತ್ತೇನೆ ಎಂದು ಅವನಿಗೆ ಹೇಳಿದೆ. ಕಾಗದಪತ್ರಗಳು ಓಡಾಡುತ್ತಿರುವಾಗಲೇ ಅವನ ಫೋನು ಬಂತು. ಚಾಚಾ ಹೋಗಿಬಿಟ್ಟಿದ್ದರು.

ಆದರೂ ಹೋದೆ. ಯಾಕೆ ಈ ಖರ್ಚು ಎಂದು ನೆಂಟರು ಆಡಿಕೊಂಡರು. ಹೆಂಡತಿ ಮಾತ್ರ "ಹೋಗಿ ಬನ್ನಿ" ಎಂದಳು.

ಗೆಳೆಯನ ಕಾರು ಒಂದಾದ ಮೇಲೊಂದು ರೌಂಡಬೌಟು ಸುತ್ತಿ ಆ ಮನೆಯೆದುರು ನಿಂತಿತು. ಮಗ ನನ್ನನ್ನು ಒಳಗೆ ಕೂರಿಸಿದ. ಅಪ್ಪನದೇ ಮೂಗು, ಅಪ್ಪನದೇ ತಗ್ಗಿದ ದನಿ. ಮೂಲೆಯಲ್ಲಿ ಆ ಸ್ಟೂಲಿತ್ತು. ಹಗ್ಗವನ್ನು ಹೊಸದಾಗಿ ಹೆಣೆಸಿದ್ದರು. ಕಾಫಿ ಬಂತು. ಆ ಮನೆಯಲ್ಲಿ ಕಪ್ಪು ಕೆಳಗಿಡುವ ರೂಢಿಯಿಲ್ಲ. ಕುಡಿದೆ, ಅಲುಗಿಸಿ ವಾಪಸು ಕೊಟ್ಟೆ. ನನ್ನ ಕೈಯನ್ನು ನೋಡಿ ಮಗನ ಕಣ್ಣು ತುಂಬಿತು. ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ ಅಷ್ಟಿಷ್ಟು ಮಾತಾಡಿದೆವು.

"ಒಂದು ಕೇಳಬೇಕಿತ್ತು" ಎಂದ ಮಗ. "ಕೊನೆಯ ದಿನಗಳಲ್ಲಿ ಅಪ್ಪ ಯಾರದೋ ಹೆಸರು ಹೇಳುತ್ತಿದ್ದರು. ಬಾಗಿಲ ಕಡೆ ನೋಡಿ 'ಬರ್ತೇನೆ, ಬರ್ತೇನೆ' ಎನ್ನುತ್ತಿದ್ದರು. 'ಬರ್ತೇನೆ' ಯಾರು? ನಾವು ಓಣಿಯಲ್ಲೆಲ್ಲ ವಿಚಾರಿಸಿದೆವು. ಆ ಹೆಸರಿನವರು ಯಾರೂ ಸಿಗಲಿಲ್ಲ. ನೀವೇನಾ?"

ನನ್ನನ್ನು ಕರೆದದ್ದೋ, ಅವರೇ ಹೊರಟದ್ದೋ. ತರ್ಜುಮೆ ಮಾಡಿ ಹೇಳಬೇಕಾದವರು ಇರಲಿಲ್ಲ.

"ನಾನೇ" ಎಂದೆ.

ಮಗನ ಮುಖ ಹಗುರವಾಯಿತು. ಸಿಕ್ಕಿದಿರಲ್ಲ ಎಂಬಂತೆ ನನ್ನ ಎರಡೂ ಕೈಗಳನ್ನು ಹಿಡಿದುಕೊಂಡ. ಹೊರಗೆ ಗೆಳೆಯ ಹಾರ್ನ್ ಮಾಡಿದ. ಎದ್ದೆ, ಚಪ್ಪಲಿ ಮೆಟ್ಟಿಕೊಂಡೆ. ಸಾವಾದ ಮನೆಯಿಂದ ಹೊರಡುವಾಗ ನಮ್ಮಲ್ಲಿ ಆ ಮಾತು ಹೇಳಬಾರದು, ಸುಮ್ಮನೆ ಎದ್ದು ಬರಬೇಕು. ಮೂಲೆಯಲ್ಲಿದ್ದ ಸ್ಟೂಲಿನ ಕಡೆ ತಿರುಗಿ, ಹೇಳಿಯೇ ಹೊರಟೆ.